ಸ್ಟೆಂಟ್ ಬೇಕೋ ಬೇಡವೋ: ತೀರ್ಮಾನದಲ್ಲಿ ರೋಗಿಗೂ ಪಾಲಿರಬೇಕೇ?

ಪರ

ನಡೆದರೆ ಎದೆ ಹಿಡಿದಂತಾಗುತ್ತದೆ, ನಿಂತರೆ ಸರಿಹೋಗುತ್ತದೆ. ಇಂಥ ರೋಗಿ, ಡೈ ಹರಿಸಿ ಹೃದಯದ ರಕ್ತನಾಳಗಳನ್ನು ನೋಡುವ ಆಂಜಿಯೋಗ್ರಾಂ ಮೇಜಿನ ಮೇಲೆ ಮಲಗಿರುವಾಗಲೇ ವೈದ್ಯರು ಹೊರಗೆ ಅವನ ಮಗನನ್ನು ಕರೆದು, ‘ಬ್ಲಾಕ್ ಇದೆ, ಈಗಲೇ ನಾಳ ತೆರೆದಿಡುವ ಸ್ಟೆಂಟ್ ಹಾಕಿಬಿಡೋಣ, ಸಹಿ ಮಾಡಿ’ ಎನ್ನುವುದುಂಟು. ಆ ಗಳಿಗೆಯಲ್ಲಿ ಯಾವ ಮಗ ಬೇಡವೆಂದಾನು?

ಹೃದಯಾಘಾತವಾಗಿ ಬಂದವರ ಮಾತು ಬೇರೆ. ಅಲ್ಲಿ ತಡಮಾಡದೆ ರಕ್ತನಾಳ ತೆರೆಯಲೇಬೇಕು. ಬಹುಕಾಲದಿಂದ ಒಂದೇ ಬಗೆಯಾಗಿರುವ ಎದೆನೋವಿಗೆ ಅಂಥ ಅವಸರವಿಲ್ಲ. 2007ರ ‘ಕರೇಜ್’, 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅಧ್ಯಯನಗಳು ಇಂಥವರನ್ನೇ ನೋಡಿದವು. ಎಡಬದಿಯ ಮುಖ್ಯ ನಾಳವೇ ಕಟ್ಟಿದವರನ್ನು ಬಿಟ್ಟರೆ, ಸರಿಯಾದ ಮಾತ್ರೆಗಳ ಜೊತೆಗೆ ಮೊದಲೇ ಸ್ಟೆಂಟ್ ಹಾಕಿದ್ದರಿಂದ ಸಾವು ಕಡಿಮೆಯಾದದ್ದು ಕಾಣಲಿಲ್ಲ. ಎದೆನೋವು ಮಾತ್ರ ತಗ್ಗಿತು. ಹಾಗಾದರೆ ಕೇಳಬೇಕಾದದ್ದು, ಆ ನೋವು ಎಷ್ಟು ಕಾಡುತ್ತಿದೆ ಎಂದು. ಗದ್ದೆಯಲ್ಲಿ ದುಡಿಯಲೇಬೇಕಾದವನ ಉತ್ತರ ಒಂದು, ಮನೆಯಂಗಳ ದಾಟದ ಅಜ್ಜಿಯದು ಇನ್ನೊಂದು. ಅದನ್ನು ಯಾವ ಯಂತ್ರವೂ ತೋರಿಸದು.

2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಪ್ರಕರಣವೊಂದರಲ್ಲಿ, ದೆಹಲಿಯ ಮಹಿಳೆಯೊಬ್ಬರು ತಪಾಸಣೆಗೆಂದು ಅರಿವಳಿಕೆಯಲ್ಲಿದ್ದಾಗ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆಯಲಾಗಿತ್ತು. ತುರ್ತು ಅಪಾಯವಿಲ್ಲದಿದ್ದಾಗ ತಪಾಸಣೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಸಲ್ಲದು, ತಾಯಿಯ ಸಹಿಯೂ ಸಾಲದು ಎಂದಿತು ನ್ಯಾಯಾಲಯ. ಬಾಗಿಲಾಚೆ ಮಗ ಹಾಕುವ ಸಹಿಗೂ ಇದು ಅನ್ವಯಿಸಬೇಡವೇ? ಸ್ಟೆಂಟ್ ಹಾಕಿಸಿಕೊಂಡ ಮೇಲೆ ತಿಂಗಳುಗಟ್ಟಲೆ ರಕ್ತ ಹೆಪ್ಪುಗಟ್ಟದಂತೆ ಎರಡು ಬಗೆಯ ಮಾತ್ರೆ ನುಂಗಬೇಕಾದವನು ಒಳಗೆ ಮಲಗಿದ್ದಾನೆ. ಎಚ್ಚರವಾಗಿಯೇ ಇದ್ದಾನೆ!

ವಿರೋಧ

‘ನೀವೇ ಹೇಳಿ ಡಾಕ್ಟರೇ, ನಿಮ್ಮ ತಂದೆಯಾಗಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳುವ ರೋಗಿ ತನ್ನ ತೀರ್ಮಾನವನ್ನು ಆಗಲೇ ತಿಳಿಸಿದ್ದಾನೆ: ನಂಬಿದ ವೈದ್ಯರಿಗೆ ಬಿಟ್ಟಿದ್ದಾನೆ. ಹೆದರಿ ಕುಳಿತವನ ಮುಂದೆ ಶೇಕಡಾವಾರು ಲೆಕ್ಕ ಹರವಿ ‘ಆರಿಸಿಕೊಳ್ಳಿ’ ಎಂದರೆ ಅವನಿಗೆ ಮತ್ತೊಂದು ಭಾರ ಹೊರಿಸಿದಂತೆ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲನ್ನು ಕಂಡವರು ಅಷ್ಟು ಮಾತಿಗೆ ಸಮಯವೆಲ್ಲಿದೆ ಎಂದು ಕೇಳಿಯಾರು.

‘ಮನೆಗೆ ಹೋಗಿ ಯೋಚಿಸಿ ಬನ್ನಿ’ ಎನ್ನುವುದು ಬೆಂಗಳೂರಿನಲ್ಲೇ ಇರುವವರಿಗೆ ಸುಲಭ. ಬೀದರದಿಂದಲೋ ಚಾಮರಾಜನಗರದಿಂದಲೋ ಬಂದವನಿಗೆ ಮತ್ತೆ ಪ್ರಯಾಣ, ಮತ್ತೆ ಕೂಲಿ ನಷ್ಟ, ಮತ್ತೆ ಕೈಯ ನಾಳಕ್ಕೆ ಸೂಜಿ, ಮೂತ್ರಪಿಂಡಕ್ಕೆ ಮತ್ತೊಮ್ಮೆ ಡೈಯ ಹೊರೆ. ಅಧ್ಯಯನಗಳಲ್ಲಿದ್ದವರನ್ನು ಬಿಡದೆ ಹಿಂಬಾಲಿಸಿ ರಕ್ತದೊತ್ತಡ, ಕೊಲೆಸ್ಟರಾಲ್ ನೋಡುತ್ತಿದ್ದರು. ನಮ್ಮಲ್ಲಿ ನೋವು ಹೋದ ಕೂಡಲೇ ಮಾತ್ರೆ ನಿಲ್ಲಿಸುವವರು ಎಷ್ಟೋ ಮಂದಿ. ಇದನ್ನೆಲ್ಲ ಬಲ್ಲ ವೈದ್ಯರು ‘ಹೀಗೇ ಮಾಡೋಣ’ ಎಂದು ನೇರವಾಗಿ ಹೇಳಿದರೆ ಮುಂದಿನ ಆಗುಹೋಗುಗಳಿಗೂ ಅವರೇ ಹೊಣೆಯಾಗುತ್ತಾರೆ. ಏನಾದರೂ ಕೆಟ್ಟರೆ ಕಾಗದ ತೋರಿಸಿ ‘ನೀವೇ ಆರಿಸಿದ್ದಲ್ಲವೇ’ ಎನ್ನಲು ಅವರಿಗೆ ಆಗುವುದಿಲ್ಲ.