ಕೃಪಾಂಕ ಸೇರಿ ಶೇಕಡಾ 95

2003ನೇ ಇಸವಿ ಕ್ರೈಸ್ತರ ದೇವರಿಗೆ ಪರೀಕ್ಷೆಯ ವರ್ಷವಾಗಿತ್ತು. ಆಕ್ಸ್‌ಫರ್ಡಿನ ನಿವೃತ್ತ ಪ್ರಾಧ್ಯಾಪಕ ರಿಚರ್ಡ್ ಸ್ವಿನ್‌ಬರ್ನ್ ಅವರು ಯೇಸುವಿನ ಪುನರುತ್ಥಾನ ನಡೆದಿರುವ ಸಂಭವನೀಯತೆ ಶೇಕಡಾ 97 ಎಂದು ಗ್ರಂಥವೊಂದರಲ್ಲಿ ಲೆಕ್ಕ ಹಾಕಿ ತೋರಿಸಿದರೆ, ಅಮೆರಿಕದ ಒಹಾಯೊದಲ್ಲಿದ್ದ ಭೌತವಿಜ್ಞಾನಿ ಸ್ಟೀಫನ್ ಅನ್‌ವಿನ್ ಅವರು ದೇವರ ಇರವನ್ನೇ ಅಳೆದು ಶೇಕಡಾ 67 ಕೊಟ್ಟರು. ಎರಡೂ ಫಲಿತಾಂಶಗಳನ್ನು ಒಟ್ಟಿಗೆ ಓದಿದವರಿಗೆ, ದೇವರು ಇರುವುದಕ್ಕಿಂತ ಅವನ ಮಗ ಸಮಾಧಿಯಿಂದ ಎದ್ದು ಬಂದದ್ದೇ ಹೆಚ್ಚು ಖಚಿತವೆಂದು ತಿಳಿದುಬರುತ್ತದೆ.

ಇಬ್ಬರೂ ಹಿಡಿದ ತಕ್ಕಡಿ ಥಾಮಸ್ ಬೇಯ್ಸ್ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿಯದು: ಸಾಕ್ಷ್ಯ ಸಿಕ್ಕಂತೆ ಒಂದು ಸಂಗತಿಯ ಸಂಭವನೀಯತೆಯನ್ನು ಏರಿಳಿಸುವ ಗಣಿತಸೂತ್ರ. ಸ್ವಿನ್‌ಬರ್ನ್ ಅವರ ತೂಕ ಹೀಗಿದೆ: ದೇವರಿರುವುದಕ್ಕೆ ಅರ್ಧ, ಇದ್ದರೆ ಅವನು ಮನುಷ್ಯನಾಗಿ ಅವತರಿಸುವುದಕ್ಕೆ ಮತ್ತೆ ಅರ್ಧ, ಗುಣಿಸಿದರೆ ಕಾಲು; ಅಲ್ಲವೆನ್ನುವುದಕ್ಕೆ ಉಳಿದ ಮುಕ್ಕಾಲು. ಅವತಾರ ನಿಜವಾಗಿದ್ದರೆ ಈಗಿರುವಂಥ ಸಾಕ್ಷ್ಯ ಸಿಗುವ ಸಾಧ್ಯತೆ ಹತ್ತರಲ್ಲೊಂದು, ಅಲ್ಲವಾದರೆ ಸಾವಿರದಲ್ಲೊಂದು. ಭಾಗಿಸಿದರೆ 103ಕ್ಕೆ 100, ಅಂದರೆ ಶೇಕಡಾ 97. ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ನಾನೂ ಮಾಡಿ ನೋಡಿದೆ, ಭಾಗಾಕಾರದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಕುತೂಹಲಕ್ಕೆ ಆ ಸಾವಿರವನ್ನು ಅಳಿಸಿ ಇಪ್ಪತ್ತು ಎಂದು ಬರೆದೆ. ಪುನರುತ್ಥಾನವು ಅಲ್ಲೇ, ಬಾಕಿ ಮೊತ್ತದ ಬೆನ್ನಿಗೇ, ಶೇಕಡಾ 40ಕ್ಕೆ ಇಳಿಯಿತು. ಸಾವಿರವೇ ಏಕೆ ಎಂದು ಕೇಳುವಂತಿಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು.

ಖಾಲಿ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು ಎಂದು ಸುವಾರ್ತೆಗಳು ಹೇಳುತ್ತವೆ. ಹೆಂಗಸರ ಸಾಕ್ಷಿಗೆ ಬೆಲೆ ಕಡಿಮೆಯಿದ್ದ ಆ ಕಾಲದಲ್ಲಿ ಕಥೆ ಕಟ್ಟುವವನು ಅವರನ್ನು ಸಾಕ್ಷಿಗೆ ನಿಲ್ಲಿಸುತ್ತಿರಲಿಲ್ಲ ಎಂಬುದು ವಿಶ್ವಾಸಿಗಳ ಹಳೆಯ ವಾದ. ಒಪ್ಪಲಿ ಬಿಡಲಿ, ಒಂದು ಸಂಜೆಯಿಡೀ ಕೂತು ಚರ್ಚಿಸಬಹುದಾದ ವಾದವದು. ಸೂತ್ರದೊಳಗೆ ಹೊಕ್ಕ ಮೇಲೆ ಆ ಹೆಂಗಸರಲ್ಲೊಬ್ಬಳಾದ ಮಗ್ದಲದ ಮರಿಯಳು ಹತ್ತರಲ್ಲೊಂದರ ಒಂದು ಚೂರು, ಅಷ್ಟೆ.

ಅನ್‌ವಿನ್ ಅವರದು ಇನ್ನೂ ಉದಾರ ಮೌಲ್ಯಮಾಪನ. ಒಳಿತನ್ನು ಗುರುತಿಸುವ ಮನುಷ್ಯನ ಶಕ್ತಿಗೆ 10 (ದೇವರಿದ್ದರೆ ಅದು ಇರುವ ಸಾಧ್ಯತೆ ಹತ್ತು ಪಟ್ಟು ಹೆಚ್ಚು ಎಂದರ್ಥ) ಕೊಟ್ಟು, ಭೂಕಂಪದಂಥ ನೈಸರ್ಗಿಕ ಕೇಡಿಗೆ 0.1 (ಹತ್ತು ಪಟ್ಟು ಕಡಿಮೆ) ಕೊಟ್ಟಿರುವುದರಿಂದ ಎರಡೂ ಒಂದಕ್ಕೊಂದು ವಜಾ ಆಗುತ್ತವೆ. 1755ರ ಸಕಲ ಸಂತರ ಹಬ್ಬದ ಬೆಳಿಗ್ಗೆ ಭೂಕಂಪಕ್ಕೆ ಲಿಸ್ಬನ್ನಿನ ಚರ್ಚುಗಳು ಭಕ್ತರ ತಲೆಯ ಮೇಲೆಯೇ ಕುಸಿದವಲ್ಲ, ಆ ಖಾತೆ ಹೀಗೆ ಚುಕ್ತಾ ಆಯಿತು. ಬಂದ 67 ಸಾಲದೆ, ತಮ್ಮ ವೈಯಕ್ತಿಕ ವಿಶ್ವಾಸವನ್ನೂ ಕೂಡಿಸಿ ಅವರು ಅದನ್ನು 95ಕ್ಕೆ ಏರಿಸಿದರು. ನಮ್ಮ ಪರೀಕ್ಷಾ ಮಂಡಳಿಯ ಭಾಷೆಯಲ್ಲಿ ಇದಕ್ಕೆ ಕೃಪಾಂಕ ಎನ್ನುತ್ತಾರೆ. ದೈವಕೃಪೆಯ ವಿಷಯದಲ್ಲಿ ಇದಕ್ಕಿಂತ ತಕ್ಕ ಪದ ಸಿಗಲಾರದು. ಮರುವರ್ಷ ಸಂದೇಹವಾದಿ ಮೈಕೆಲ್ ಶೆರ್ಮರ್ ಅದೇ ಸೂತ್ರದಲ್ಲಿ ತಮ್ಮ ಅಂಕಿಗಳನ್ನು ತುಂಬಿ ಮರುಮೌಲ್ಯಮಾಪನ ಮಾಡಿದಾಗ ದೇವರಿಗೆ ಸಿಕ್ಕಿದ್ದು ಶೇಕಡಾ 2.

ಈ ವಿದ್ಯೆ ಹೊಸದೇನಲ್ಲ. ಸ್ಕಾಟ್ಲೆಂಡಿನ ಗಣಿತಜ್ಞ ಜಾನ್ ಕ್ರೇಗ್ 1699ರಲ್ಲೇ, ಕ್ರಿಸ್ತಚರಿತ್ರೆಯ ಲಿಖಿತ ಸಾಕ್ಷ್ಯವು ವರ್ಷದಿಂದ ವರ್ಷಕ್ಕೆ ಸವೆಯುತ್ತ 3150ರಲ್ಲಿ ಪೂರ್ತಿ ಕರಗುವುದೆಂದು ಲೆಕ್ಕ ಹಾಕಿದ್ದ. ಮನುಷ್ಯಕುಮಾರನು ಬರುವಾಗ ಭೂಮಿಯ ಮೇಲೆ ನಂಬಿಕೆ ಉಳಿದಿರುವುದೇ ಎಂದು ಲೂಕನ ಸುವಾರ್ತೆಯಲ್ಲಿ ಯೇಸು ಕೇಳಿದ ಪ್ರಶ್ನೆಯನ್ನು ಹಿಡಿದು, ಯೇಸುವಿನ ಎರಡನೆಯ ಬರೋಣ ಅದಕ್ಕೆ ಮುಂಚೆಯೇ ಆಗಲೇಬೇಕೆಂದು ತೀರ್ಮಾನಿಸಿದ್ದ. ಹಾಗಾಗಿ ಮರುಎಣಿಕೆಗೆ ಅರ್ಜಿ ಹಾಕುವವರಿಗೆ ಇನ್ನೂ ಸಾವಿರದ ನೂರು ವರ್ಷಗಳಿಗೂ ಮೇಲ್ಪಟ್ಟು ಕಾಲಾವಕಾಶವಿದೆ.