ಪಂಚೆಯಲ್ಲೊಂದು ತೂತು

ಶಿವಡಿ ಜೆಟ್ಟಿ ಹತ್ರ ಫ್ಲೆಮಿಂಗೊ ನೋಡೋಕೆ ಬಂದಿದ್ದ ಹುಡುಗನೊಬ್ಬ ನನ್ನ ಝೋರ್ಕಿ, ಅಂದ್ರೆ ಹಳೇ ರಷ್ಯನ್ ಫಿಲ್ಮ್ ಕ್ಯಾಮೆರಾ, ಇಸ್ಕೊಂಡು ಕಣ್ಣಿಗಿಟ್ಟು, "ಇಷ್ಟುದ್ದ ಲೆನ್ಸ್ ಹಾಕಿದೀರಾ ಅಂಕಲ್, ಹಕ್ಕಿ ಇದ್ದಷ್ಟೇ ಇದೆಯಲ್ಲ" ಅಂದ. ಕನ್ನಡದವನೇ, ಅದೇ ಕಷ್ಟ, ಮರಾಠೀಲಿ ಕೇಳಿದ್ರೆ ಅರ್ಥ ಆಗ್ಲಿಲ್ಲ ಅಂತ ತಪ್ಪಿಸ್ಕೋಬೋದಿತ್ತು.

ಅವನು ಹೇಳಿದ್ದೇನೂ ಸುಳ್ಳಲ್ಲ. 135 ಎಂಎಂ ಜುಪಿಟರ್-11 ಲೆನ್ಸ್ ಹಾಕಿದ್ರೂ ಝೋರ್ಕಿಯ ನೋಡೋ ಕಿಟಕಿಗೆ ಅದರ ಗೊಡವೆಯೇ ಇಲ್ಲ, ತನ್ನ ಪಾಡಿಗೆ 50 ಎಂಎಂ ನೋಟ ತೋರಿಸ್ಕೊಂಡು ಕೂತಿರುತ್ತೆ. ಅಲ್ಲಿ ಎರಡೆರಡಾಗಿ ಕಾಣೋ ಹಕ್ಕಿ ಒಂದಾಗೋವರೆಗೂ ಲೆನ್ಸ್ ತಿರುಗಿಸಿ, ಆಮೇಲೆ ಮೇಲ್ಗಡೆ ಸಿಕ್ಕಿಸಿರೋ ಇನ್ನೊಂದು ಫೈಂಡರಲ್ಲಿ ಫ್ರೇಮ್ ನೋಡ್ಬೇಕು, ಅಷ್ಟೊತ್ತಿಗೆ ಹಕ್ಕಿ ಠಾಣೆ ಖಾಡಿ ದಾಟಿರುತ್ತೆ. 1954ರ ಲೈಕಾ ಎಂ3 ಕ್ಯಾಮೆರಾದಲ್ಲಾದ್ರೆ 50, 90, 135 ಮೂರಕ್ಕೂ ಕಿಟಕಿ ಒಳಗೇ ಫ್ರೇಮಿನ ಗೆರೆ ಕಾಣುತ್ತೆ, ಅದು ದುಡ್ಡಿದ್ದೋರ ಮಾತು. ಮತ್ತೆ ಇದನ್ಯಾಕೆ ಹಿಡ್ಕೊಂಡು ಓಡಾಡ್ತೀನಿ ಅಂತ ಕೇಳ್ಬೇಡಿ, ಇದೇ ಲೆನ್ಸಿಂದಾದ ದೊಡ್ಡಪ್ಪನ ಪಂಚೆ ವಿಷಯ ಹೇಳಿಬಿಡ್ತೀನಿ.

ಮುಂಬೈ ಮಳೆಗಾಲದಲ್ಲಿ ಬೆಲ್ಟು ಚಪ್ಪಲಿ ಯಾವುದನ್ನೂ ಬೂಷ್ಟು ಬಿಡಲ್ಲ, ಲೆನ್ಸನ್ನೂ ಬಿಡಲ್ಲ. ಸುಮ್ಮನಿದ್ರೆ ಅದು ಬಿಡೋ ಆಮ್ಲ ಗಾಜಿನ ಕೋಟಿಂಗನ್ನೇ ತಿನ್ನುತ್ತೆ. ಬಿಸಿಲಿಗಿಡು ಅನ್ನೋದು ಹಳಬರ ಮದ್ದು. ಅದಕ್ಕೇ ಮೇ ತಿಂಗಳಲ್ಲಿ ಮಾಟುಂಗಾದ ದೊಡ್ಡಮ್ಮ ಟೆರೇಸಲ್ಲಿ ಸಂಡಿಗೆ ಇಡೋವಾಗ ಲೆನ್ಸನ್ನೂ ಅವರ ಸುಪರ್ದಿಗೆ ಕೊಟ್ಟೆ. ಉರುಳಿ ಹೋದೀತು ಅಂತ ಅವರು ಪಂಚೆ ಮೂಲೇಲಿ ಒಂದು ಸಿಂಬಿ ಇಟ್ಟು ಅದರ ಮೇಲೆ ನೆಟ್ಟಗೆ ನಿಲ್ಲಿಸಿದಾರೆ. ಮೇ ಮಧ್ಯದಲ್ಲಿ ಮುಂಬೈ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ. ಕ್ಯಾಮೆರಾದಲ್ಲಿ ಈ ಲೆನ್ಸು ಕೂರೋ ಜಾಗದಿಂದ ಫಿಲ್ಮಿಗೆ 28.8 ಮಿಲಿಮೀಟರು, ಅಂದ್ರೆ ಒಂದಿಂಚು ಚಿಲ್ಲರೆ, ದೂರದಿಂದ ಬಂದ ಬೆಳಕು ಚುಕ್ಕೆಯಾಗಿ ಕೂಡೋದು ಅಲ್ಲೇ, ಸಿಂಬಿ ಎತ್ತರವೂ ಹೆಚ್ಚುಕಡಿಮೆ ಅಷ್ಟೇ!

ಸಂಜೆ ಸಂಡಿಗೆ ಎತ್ತೋವಾಗ ಪಂಚೇಲಿ ಸಾಸಿವೆ ಗಾತ್ರದ ತೂತು, ಸುತ್ತ ಕಂದು ಅಂಚು. ದೊಡ್ಡಮ್ಮ ನೇರ ದೊಡ್ಡಪ್ಪನ ಮುಂದೆ ಹೋಗಿ, "ಏನ್ರೀ, ಮತ್ತೆ ಶುರು ಹಚ್ಕೊಂಡ್ರಾ?" ಸಿಗರೇಟು ಬಿಟ್ಟು ಯಾವ ಕಾಲ ಆಯ್ತೋ ಅವರು. ನಾನು ಮಧ್ಯೆ ಬಾಯಿ ಹಾಕಿ, ದೊಡ್ಡಮ್ಮ ಇದು ಸೂರ್ಯ ಸುಟ್ಟಿದ್ದು, ಸಿಗರೇಟಾದ್ರೆ ಗುಂಡಗೆ ಸುಡುತ್ತೆ, ಇಲ್ನೋಡಿ ಪೂರ್ವಕ್ಕೆ ಬಾಲ ಎಳೆದಿದೆ, ಸೂರ್ಯ ಪಶ್ಚಿಮಕ್ಕೆ ಹೋದಂಗೆ ಚುಕ್ಕೆ ಈ ಕಡೆ ಸರಿಯುತ್ತೆ ಅಂತೆಲ್ಲ ವಿವರಿಸಿದೆ. "ದಿಕ್ಕು ನೋಡ್ಕೊಂಡು ಸೇದೋರೂ ಇರ್ತಾರೆ" ಅಂದ್ರು.

ಝೋರ್ಕಿ ಥರ ಬಟ್ಟೆ ಶಟರಿನ ರೇಂಜ್‌ಫೈಂಡರ್ ಕ್ಯಾಮೆರಾಗಳ ಗತಿಯೂ ಇದೇ, ಲೆನ್ಸಿಗೂ ಶಟರಿಗೂ ನಡುವೆ ಕನ್ನಡಿ ಇಲ್ವಲ್ಲ, ಕ್ಯಾಪ್ ಹಾಕದೆ ಬಿಸಿಲಿಗೆ ಮುಖ ಮಾಡಿಟ್ರೆ ಶಟರೇ ತೂತು. ಫೋರ್ಟ್ ಕಡೆ ಒಬ್ಬ ಅಂಗಡಿಯವನು ಅಂಥದ್ದನ್ನೇ ಫುಲ್ ವರ್ಕಿಂಗ್ ಅಂತ ಕೈಗಿಡ್ತಾನೆ, ಬೆಳಕಿಗೆ ಹಿಡಿದ್ರೆ ಶಟರ್ ತುಂಬಾ ನಕ್ಷತ್ರ, ಕೇಳಿದ್ರೆ ಹಳೇದಲ್ವಾ ಸಾರ್ ಅಂತಾನೆ, ಹಳೇದು ಅಂತಲೇ ದುಪ್ಪಟ್ಟು ರೇಟನ್ನೂ ಹೇಳ್ತಾನೆ. ಮೈ ಉರಿಯುತ್ತೆ.

ಮಾರನೇ ದಿನ ಮಧ್ಯಾಹ್ನ ಲೆನ್ಸಲ್ಲಿ ಪೇಪರ್ ಸುಟ್ಟು ತೋರಿಸಿದ ಮೇಲೇ ದೊಡ್ಡಮ್ಮ ಒಪ್ಪಿದ್ದು. ಈ ಗಲಾಟೇಲಿ ದೊಡ್ಡಪ್ಪ ಮಾತ್ರ ಒಂದು ಮಾತೂ ವಾದ ಮಾಡ್ಲಿಲ್ಲ, ಏಲಕ್ಕಿ ಅಗೀತಾ ಪೇಪರ್ ಓದ್ತಾನೇ ಇದ್ರು. ನಂಗೀಗ ಅದೇ ಅನುಮಾನ.