ತಲಬಾಗಿಲಿನ ಪಕ್ಕದ ಚೀಟಿ

ಆಲಮಟ್ಟಿ ಹಿನ್ನೀರಿನ ಮುಳುಗಡೆಯ ಕಾಲಕ್ಕೆ ಹಳೆ ಬಾಗಲಕೋಟೆಯಿಂದ ನವನಗರಕ್ಕೆ ಬಂದ ನಿವೃತ್ತ ಶಿಕ್ಷಕರೊಬ್ಬರು ತಮ್ಮ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಊರಿನ ಹಳೆಯ ಸಾಮಾನುಗಳನ್ನು ಜೋಡಿಸಿಟ್ಟಿದ್ದಾರೆ. ಕಳೆದ ರವಿವಾರ ಅಲ್ಲಿಗೆ ಹೋಗಿದ್ದೆ. ಒಳಗೆ ಕಾಲಿಡುತ್ತಲೇ ಗೋಡೆಗೆ ಒರಗಿಸಿಟ್ಟ ಬಾಗಿಲಿನ ಚೌಕಟ್ಟು ಕಾಣುತ್ತದೆ. ಹೊಸ್ತಿಲು ನಡುವೆ ಸವೆದು ತಗ್ಗಾಗಿದೆ. ಮೂಲೆಯಲ್ಲಿ ಅರಿಸಿನದ ಕಲೆ ಇನ್ನೂ ಉಳಿದಿದೆ. ಪಕ್ಕದ ಚೀಟಿಯಲ್ಲಿ ಮಾಸ್ತರರು ಬರೆದಿರುವುದು ಇಷ್ಟೇ: ‘ಇದು ನಮ್ಮ ಮನೆಯ ತಲಬಾಗಿಲು. ನೀರು ಬರುವ ಮುಂಚೆ ಬಿಚ್ಚಿ ತಂದೆವು. ಗೋಡೆಗಳನ್ನು ತರಲಾಗಲಿಲ್ಲ.’ ಆ ಚೀಟಿಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ.

ದೊಡ್ಡ ವಸ್ತುಸಂಗ್ರಹಾಲಯಗಳ ಬಗ್ಗೆ ನನಗೆ ಗೌರವವಿದೆ. ವಿಜಯಪುರದಲ್ಲಿ ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ, 1892ರಲ್ಲಿ ಆರಂಭವಾದ ಸಂಗ್ರಹಾಲಯದಂತಹವು ಇಲ್ಲದಿದ್ದರೆ ನಮ್ಮ ಭಾಗದ ಎಷ್ಟೋ ಶಾಸನಗಳೂ ಶಿಲ್ಪಗಳೂ ಕಂಡವರ ಪಾಲಾಗುತ್ತಿದ್ದವು. ಆದರೆ ಸಾಮಾನ್ಯವಾಗಿ ನಾವು ಓದುವ ಫಲಕಗಳು ವಸ್ತುವಿನ ಹೆಸರು, ಶತಮಾನ, ಕಲ್ಲಿನ ಜಾತಿ ಹೇಳಿ ಮುಗಿದುಬಿಡುತ್ತವೆ. ಅದು ಯಾರ ಮನೆಯದು, ಯಾರ ಕೈಯಲ್ಲಿ ಸವೆಯಿತು, ಏಕೆ ಅವರ ಕೈ ಬಿಟ್ಟಿತು ಎಂಬುದು ತಿಳಿಯದಿದ್ದರೆ ನೋಡುವವರು ಗಾಜಿನ ಈಚೆಗೇ ಉಳಿಯುತ್ತಾರೆ.

ಮಾಸ್ತರರ ಕೋಣೆಯಲ್ಲಿ ಗಾಜೇ ಇಲ್ಲ. ಮೇಜಿನ ಮೇಲೆ ಸೇರು, ಪಾವು, ಚಟಾಕುಗಳನ್ನೂ ಒಂದು ಬುಟ್ಟಿ ಜೋಳವನ್ನೂ ಇಟ್ಟಿದ್ದಾರೆ. ನಾನಿದ್ದಾಗ ಒಬ್ಬ ಹುಡುಗಿ ಚಟಾಕಿನಿಂದ ಅಳೆದು ಅಳೆದು ಸೇರಿಗೆ ಸುರಿಯುತ್ತ, ಹದಿನಾರಕ್ಕೆ ಅದು ತುಂಬಿದಾಗ ತಾನೇ ಕಂಡುಹಿಡಿದಂತೆ ಕೂಗಿದಳು. ಗೋಡೆಯ ಮೇಲೆ ಕೋಷ್ಟಕ ಬರೆದಿದ್ದರೆ ಅವಳು ಅದನ್ನು ಓದುತ್ತಿದ್ದಳೆಂದು ನನಗನಿಸುವುದಿಲ್ಲ.

ಕೂರಿಗೆಯ ಚೀಟಿಯಲ್ಲಿ ಎರಡು ಕೈಬರಹಗಳಿವೆ. ‘ಬಿತ್ತನೆಯ ಸಾಧನ’ ಎಂದಷ್ಟೇ ಮಾಸ್ತರರು ಬರೆದಿದ್ದರಂತೆ. ನೋಡಲು ಬಂದ ಅಜ್ಜಿಯೊಬ್ಬರು, “ಬಟ್ಟಲಕ್ಕ ಕಾಳ ಬಿಡಾಕಿ ನಾನರೀ ಮಾಸ್ತರ, ಅದನ್ನ ಯಾಕ ಬರದಿಲ್ಲ?” ಎಂದು ಕೇಳಿದರು. ಮುಷ್ಟಿಯನ್ನು ಹದವಾಗಿ ಸಡಿಲಿಸಿ ಬಟ್ಟಲಿಗೆ ಕಾಳು ಬಿಡುವ ಆ ಕೈಯಿಂದಲೇ, ಬಿದಿರಿನ ಕೊಳವೆಗಳಲ್ಲಿ ಇಳಿದ ಬೀಜ ಸಾಲಿನುದ್ದಕ್ಕೂ ಸಮನಾಗಿ ಬೀಳುತ್ತದೆ. ಮಾಸ್ತರರು ತಮ್ಮ ಸಾಲನ್ನು ಅಳಿಸದೆ, ಅದರ ಕೆಳಗೆ ಅಜ್ಜಿಯ ಮಾತನ್ನು ಅವರ ಮೊಮ್ಮಗಳಿಂದಲೇ ಬರೆಸಿದ್ದಾರೆ. ನೋಡಲು ಬಂದವರೇ ತಿದ್ದುವುದಕ್ಕೆ ಹೀಗೆ ಜಾಗ ಬಿಡುವುದನ್ನು ಎಲ್ಲ ಸಂಗ್ರಹಾಲಯಗಳೂ ರೂಢಿಸಿಕೊಳ್ಳಬೇಕು; ಇದಕ್ಕೆ ಹಣ ಬೇಕಿಲ್ಲ.

ಕೊರತೆಗಳೂ ಇವೆ. ಚೌಕಟ್ಟಿನ ಬುಡಕ್ಕೆ ಗೆದ್ದಲು ಹತ್ತಿದೆ. ಯಾವ ವಸ್ತುವನ್ನು ಯಾರು ಕೊಟ್ಟರೆಂಬುದು ಮಾಸ್ತರರ ನೆನಪಿನಲ್ಲಿದೆಯೇ ಹೊರತು ಕಾಗದದ ಮೇಲಿಲ್ಲ, ಅವರಿಗೂ ವಯಸ್ಸಾಗಿದೆ. ಮರವನ್ನು ಉಳಿಸುವ ವಿದ್ಯೆ ಬಲ್ಲ ಪರಿಣತರು ಒಂದು ದಿನ ಇಲ್ಲಿಗೆ ಬಂದರೆ, ಕಲಿಸಿದಷ್ಟನ್ನೇ ಕಲಿತುಕೊಂಡೂ ಹೋಗುತ್ತಾರೆಂದು ನಾನು ನಂಬಿದ್ದೇನೆ.

ಬರುವ ರವಿವಾರದಿಂದ ನಾವು ಮೂವರು ಅಲ್ಲಿ ಕೂತು ರಿಜಿಸ್ಟರ್ ಬರೆಯಲಿದ್ದೇವೆ. ಹಳೆ ಊರಿನ ಫೋಟೊ, ಮನೆಯ ಉತಾರ, ಅಂಗಡಿಯ ಬೋರ್ಡು ಇಟ್ಟುಕೊಂಡವರು ದಯವಿಟ್ಟು ತನ್ನಿರಿ. ಕೊಡಲು ಮನಸ್ಸಿಲ್ಲದಿದ್ದರೆ ತೋರಿಸಿ, ಅದರ ಕಥೆಯನ್ನು ಬರೆಸಿ, ವಸ್ತುವನ್ನು ಮರಳಿ ಒಯ್ಯಿರಿ.